ಮೊಗ್ಗು ಆ್ಯಪು ಮತ್ತು ಜಾಲಿಕುಂಟೆಯ ಸೋದರಮಾವಂದಿರು

ಹಿಂದೂಪುರದ ಹತ್ತಿರದ ಜಾಲಿಕುಂಟೆ ಸರಕಾರಿ ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು ಗಂಗರಾಜುವಿನ ಪ್ರಾಣ ಹಿಂಡಿದ್ದು ಒಂದು ಕೆಂಪು ಚುಕ್ಕೆ. ಸಾಸಿವೆ ಕಾಳಿಗಿಂತ ಒಂದಿಷ್ಟು ದೊಡ್ಡದು, ಅಷ್ಟೆ. ಅದು ಇದ್ದದ್ದು ಅವನ ಮೊಬೈಲಿನಲ್ಲಿ, 'ಮೊಗ್ಗು' ಎಂಬ ಆ್ಯಪಿನ ನೆತ್ತಿಯ ಮೇಲೆ.

ಈ ಮೊಗ್ಗು ಎಂಬುದು ಹರೆಯಕ್ಕೆ ಕಾಲಿಡುವ ಮಕ್ಕಳಿಗೆ ಆರೋಗ್ಯದ ಪಾಠ ಹೇಳಲೆಂದು ಯಾವುದೋ ದೊಡ್ಡ ಸಂಸ್ಥೆಯವರು ಏಸಿ ಕೋಣೆಯಲ್ಲಿ ಕೂತು ಮಾಡಿಸಿದ್ದು. ಬಡವರ ಮಕ್ಕಳ ಕೈಯಲ್ಲೆಲ್ಲ ಒಂದೊಂದು ಮೊಬೈಲು ಇರುತ್ತದೆ, ಅವರು ಬೇವಿನ ಮರದ ಕೆಳಗೆ ಕೂತು ತಮ್ಮ ಮೈಯಲ್ಲಾಗುವ ಬದಲಾವಣೆಗಳನ್ನು ತಾವೇ ಓದಿ ತಿಳಿದುಕೊಳ್ಳುತ್ತಾರೆ ಎಂದು ಆ ಪುಣ್ಯಾತ್ಮರಿಗೆ ಯಾರು ಹೇಳಿದರೋ ಕಾಣೆ. ಜಾಲಿಕುಂಟೆಯಲ್ಲಿ ಹುಡುಗಿಯರ ಕೈಗೆ ಮೊಬೈಲು ಕೊಡುವುದಿರಲಿ, ಅದನ್ನು ಚಾರ್ಜಿಗೆ ಹಾಕಿದ ಗೋಡೆಯ ಹತ್ತಿರಕ್ಕೂ ಬಿಡುವುದಿಲ್ಲ. ಹೀಗಾಗಿ ಎಂಟನೇ ತರಗತಿಯ ಮಕ್ಕಳೆಲ್ಲರ ಖಾತೆಯೂ ತೆರೆದದ್ದು ಮೇಷ್ಟ್ರ ಒಂದೇ ಮೊಬೈಲಿನಲ್ಲಿ.

ಖಾತೆಗೆ ಪ್ರತಿ ಮಗುವಿನ ಕಡೆಯಿಂದಲೂ ಎರಡು ಫೋನ್ ನಂಬರು ಬೇಕಿತ್ತು. ಒಂದು ತಾಯಿಯದು, ಇನ್ನೊಂದು 'ನಂಬಿಕಸ್ಥ ಹಿರಿಯರದು'. ನಿಮಗೆ ನಂಬಿಕಸ್ಥರು ಯಾರಮ್ಮಾ ಎಂದು ಕೇಳಿದರೆ ಜಾಲಿಕುಂಟೆಯ ಯಾವ ತಾಯಿಯಾದರೂ ಗಂಡನ ಹೆಸರು ಹೇಳುತ್ತಾಳೆಯೇ? ಎಲ್ಲರೂ ತವರಿನ ಕಡೆಯ ನಂಬರು ಕೊಟ್ಟರು. ಅಣ್ಣನದು, ಇಲ್ಲವೇ ತಮ್ಮನದು. ಅಂದರೆ ಮಕ್ಕಳ ಸೋದರಮಾವನದು. ಗಂಗರಾಜು ಹೆದರುಪುಕ್ಕಲ ಮನುಷ್ಯ. ಹೇಳಿದ ನಂಬರನ್ನು ಒಂದೂ ತಪ್ಪದಂತೆ ತುಂಬಿಸಿದ. ಅವನ ಸ್ವಂತ ಅಕ್ಕ ನರಸಕ್ಕನನ್ನು ಕೊಟ್ಟಿದ್ದೂ ಇದೇ ಊರಿಗೆ. ಆಕೆಯ ಮಗಳು ತ್ರಿವೇಣಿ ಎಂಟನೇ ತರಗತಿಯಲ್ಲೇ ಇದ್ದಳು. ಅವಳ ನಂಬಿಕಸ್ಥ ಹಿರಿಯರ ಜಾಗದಲ್ಲಿ ತನ್ನದೇ ನಂಬರು ಬರೆದುಕೊಂಡು ಎದೆ ಉಬ್ಬಿಸಿದ್ದ.

ಅಷ್ಟು ಮಾಡಿ ಕೂತ. ಪಾಠ ಮಾತ್ರ ಮಾಡಲಿಲ್ಲ. ಪಾಠ ಮುಗಿಸಿದ ಶಾಲೆಗೆ ಆ್ಯಪಿನಲ್ಲಿ ಹಸಿರು ಚುಕ್ಕೆ, ಮುಗಿಸದ ಶಾಲೆಗೆ ಕೆಂಪು. ಮಾಡುವುದು ಹೇಗೆ? ಕೆಲಸಕ್ಕೆ ಸೇರಿದಾಗಿನಿಂದ ಆ ಅಧ್ಯಾಯ ಬಂದ ಕೂಡಲೇ ಗಂಟಲು ಸರಿಮಾಡಿಕೊಂಡು ಹಾಳೆ ತಿರುವಿ ಹಾಕುತ್ತಿದ್ದ ಗಂಡು ಅವನು. ಜೀವಶಾಸ್ತ್ರದ ಮೇಷ್ಟ್ರಂತೆ!

ಆವತ್ತು ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮಂಡಲದ ಶಿಕ್ಷಣಾಧಿಕಾರಿ ಆಂಜಿನಪ್ಪನವರ ಫೋನು ಬಂತು.

"ಏಮಯ್ಯಾ ಗಂಗರಾಜೂ, ನಿಮ್ಮ ಸ್ಕೂಲೊಂದೇ ಕೆಂಪಗೆ ಕಾಣ್ತೈತೆ. ಮಿಕ್ಕಿದ್ದೆಲ್ಲಾ ಹಸಿರು ಕಣಯ್ಯಾ."

"ಸಾರ್, ಇಲ್ಲಿ ನೆಟ್‌ವರ್ಕು..."

"ನೆಟ್‌ವರ್ಕು ಗಿಟ್‌ವರ್ಕು ಬ್ಯಾಡ. ಊಟದ ಬೆಲ್ ಹೊಡೆಯೋದ್ರೊಳಗೆ ಹಸಿರಾಗ್ಬೇಕು. ಆಗ್ಲಿಲ್ಲ ಅಂದ್ರೆ ಕಲ್ಯಾಣದುರ್ಗದ ಕಡೆ ಬಯಾಲಜಿ ಪೋಸ್ಟು ಖಾಲಿ ಐತೆ. ಡೆಪ್ಯುಟೇಷನ್ ಮೇಲೆ ಕಳಿಸ್ಬುಡ್ತೀನಿ, ಆಮೇಲೆ ಅಳಬ್ಯಾಡ."

ಗಂಗರಾಜು ಹಿಂದೂಪುರದಲ್ಲಿ ಸಾಲ ಸೋಲ ಮಾಡಿ ಮನೆ ಕಟ್ಟಿಸಿ ಹಾಲುಕ್ಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಬಚ್ಚಲಿಗೆ ಹಾಕಿಸಿದ ನೀಲಿ ಟೈಲ್ಸಿನ ಮೇಲೆ ನಿಂತು ಮನದಣಿಯೆ ಸ್ನಾನ ಕೂಡ ಮಾಡಿರಲಿಲ್ಲ. ಹೆಂಡತಿಯಂತೂ ಮೊದಲೇ ಹೇಳಿಬಿಟ್ಟಿದ್ದಳು, "ನಿಮ್ಮನ್ನ ಎಲ್ಲಿಗಾದ್ರೂ ಹಾಕ್ಲಿ, ನಾನು ಈ ಮನೆ ಬುಟ್ಟು ಬರಾಕಿಲ್ಲ." ಕಲ್ಯಾಣದುರ್ಗ ಎಂದರೆ ಬಸ್ಸು ಬದಲಾಯಿಸಿ ಬದಲಾಯಿಸಿ ಸೊಂಟ ಬೀಳುವ ದಾರಿ, ಬಾಡಿಗೆ ಕೋಣೆ, ಮೆಸ್ಸಿನ ಊಟ.

ಮುಖ್ಯೋಪಾಧ್ಯಾಯಿನಿ ಸರ್ವಮಂಗಳಮ್ಮ ಸುಲಭದ ದಾರಿಯನ್ನೇ ತೋರಿಸಿದರು. "ಪಾಠ ಮಾಡ್ಬುಡಿ ಮೇಷ್ಟ್ರೆ. ಅದರಲ್ಲಿ ನಾಚಿಕೊಳ್ಳೋಂಥದ್ದು ಏನೈತೆ? ಬೇಕಾದ್ರೆ ನಾನೂ ಬಂದು ಕೂತ್ಕೋತೀನಿ."

"ಬ್ಯಾಡ ಮೇಡಂ, ನಾನೇ ನೋಡ್ಕೋತೀನಿ" ಎಂದು ಗಂಗರಾಜು ಧೈರ್ಯ ತಂದುಕೊಂಡು ತರಗತಿಗೆ ಹೋದ. ಕರಿಹಲಗೆಯ ಮೇಲೆ 'ಹರೆಯ' ಎಂದು ಬರೆದ. ತಿರುಗಿ ನಿಂತ. ಮಕ್ಕಳ ಕಣ್ಣುಗಳೆಲ್ಲ ಅವನ ಮೇಲೇ ಇದ್ದವು. ಬಾಯಿ ತೆರೆದ. ಬಾಯಿಂದ ಬಂದದ್ದು ಕಪ್ಪೆಯ ಜೀವನಚಕ್ರ. ಮೊಟ್ಟೆ, ಗೊದಮೊಟ್ಟೆ, ಬಾಲ ಉದುರುವುದು ಎಲ್ಲವನ್ನೂ ಬೆವರು ಒರೆಸಿಕೊಳ್ಳುತ್ತ ಹೇಳಿ ಮುಗಿಸಿದ.

ತ್ರಿವೇಣಿ ಎದ್ದು ನಿಂತಳು. "ಮಾಮಾ... ಅಲ್ಲ ಸಾರ್, ಇವತ್ತು ನಮ್ಮ ಪಾಠ ಅಂದ್ರಲ್ಲ? ಇದು ಕಪ್ಪೇದು."

"ಕಪ್ಪೆ ಬೇರೆ ನಾವು ಬೇರೆನಾ? ಕೂತ್ಕೋಮ್ಮ" ಎಂದು ಹೊರಟೇಬಿಟ್ಟ.

ಸ್ಟಾಫ್ ರೂಮಿಗೆ ಬಂದು ಆ್ಯಪು ತೆರೆದ. ಒಂದು ಪುಟದಲ್ಲಿ ಮಕ್ಕಳ ಹೆಸರುಗಳಿದ್ದವು, ಪ್ರತಿ ಹೆಸರಿನ ಮುಂದೆ ನಾಲ್ಕಾರು ಚೌಕ. ಕೈ ತೊಳೆದುಕೊಂಡೆ, ಕಬ್ಬಿಣದ ಮಾತ್ರೆ ನುಂಗಿದೆ, ಪಾಠ ಕೇಳಿದೆ, ಹರೆಯದ ಮೊದಲ ಮೈಲಿಗಲ್ಲು ದಾಟಿದೆ, ಹೀಗೆ. ಮಕ್ಕಳು ತಮಗೆ ಆದದ್ದನ್ನು ತಾವೇ ಒತ್ತಬೇಕು. ಮೇಲೆ ಮೂಲೆಯಲ್ಲಿ ಇನ್ನೊಂದು ಚೌಕ, 'ಎಲ್ಲವೂ' ಎಂದು. ಆ ಚೌಕವನ್ನು ಅಲ್ಲಿ ಇಟ್ಟವನ ಕೈಗೆ ಏನು ಬಡಿದಿತ್ತೋ! ಗಂಗರಾಜು ಅತ್ತಿತ್ತ ನೋಡಿದ, ಒತ್ತಿದ. ಚುಕ್ಕೆ ಕ್ಷಣದಲ್ಲಿ ಹಸಿರಾಯಿತು. ಕಲ್ಯಾಣದುರ್ಗ ಕಣ್ಣ ಮುಂದಿನಿಂದ ಸರಿದುಹೋಯಿತು. ಅವನು ನೆಮ್ಮದಿಯಾಗಿ ಚಿತ್ರಾನ್ನದ ಡಬ್ಬಿ ಬಿಚ್ಚಿದ.

ಎರಡು ತುತ್ತು ತಿಂದಿರಲಿಲ್ಲ, ಅವನದೇ ಫೋನು ಹೊಡೆದುಕೊಂಡಿತು. ಎತ್ತಿದರೆ ಬ್ಯಾಂಕಿನವರ ಧಾಟಿಯ ಒಂದು ಹೆಣ್ಣುದನಿ.

"ಅಭಿನಂದನೆಗಳು. ನಿಮ್ಮ ಮನೆಯ ಮಗು, ತ್ರಿವೇಣಿ, ಇಂದು ಮೈನೆರೆದು ಹರೆಯದ ಮೊದಲ ಮೈಲಿಗಲ್ಲು ದಾಟಿದೆ. ಮಗುವನ್ನು ಪ್ರೀತಿಯಿಂದ ಅಭಿನಂದಿಸಿ."

ಗಂಗರಾಜು ಡಬ್ಬಿ ಮುಚ್ಚಿದ. ಓದು ಬಾರದ ಮನೆಯವರಿಗೂ ವಿಷಯ ತಿಳಿಯಲಿ ಎಂದು ಆ ಸಂಸ್ಥೆಯವರು ಫೋನಿನಲ್ಲಿ ಮಾತಾಡುವ ಯಂತ್ರವನ್ನೂ ಇಟ್ಟಿದ್ದರು. ಆ ಯಂತ್ರ ಇಷ್ಟು ಹೊತ್ತಿಗೆ ಎಂಟನೇ ತರಗತಿಯ ಒಬ್ಬೊಬ್ಬ ಹುಡುಗಿಯ ತಾಯಿಗೂ, ಒಬ್ಬೊಬ್ಬ ಸೋದರಮಾವನಿಗೂ ಇದೇ ಮಾತನ್ನು ಒಪ್ಪಿಸಿ ಮುಗಿಸಿತ್ತು.

ಆ ಕಡೆಯ ಊರುಗಳಲ್ಲಿ ಇದರ ಅರ್ಥವೇನೆಂದು ಏಸಿ ಕೋಣೆಯವರಿಗೆ ಗೊತ್ತಿರಲಿಲ್ಲ. ಹುಡುಗಿ ದೊಡ್ಡವಳಾದಳು ಎಂದ ಮೇಲೆ ಶಾಲೆಗೀಲೆ ಬಂದ್. ಮೊದಲು ತಲೆಯ ಮೇಲೆ ಸೆರಗು ಹಾಕಿ ಮನೆಗೆ ಕರೆದೊಯ್ಯಬೇಕು. ಅದೇ ಸಂಜೆಯೊಳಗೆ ಸೋದರಮಾವ ಹೊಸ ಸೀರೆ ತಂದು, ಹಸಿ ಗರಿಯಲ್ಲಿ ಅಂಗಳದಲ್ಲಿ ಗುಡಿಸಲು ಹಾಕಿ, ಸೊಸೆಯನ್ನು ಅದರಲ್ಲಿ ಕೂರಿಸಬೇಕು. ಮುತ್ತೈದೆಯರು ಆರತಿ ಎತ್ತಬೇಕು, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಹಂಚಬೇಕು. ಅದೇ ಒಸಗೆ. ಮಾವ ಬರಲಿಲ್ಲವೆಂದರೆ ತವರಿನ ಮಾನ ಬೀದಿಪಾಲು.

ಊಟದ ಬೆಲ್ಲು ಹೊಡೆಯುವುದರೊಳಗೆ ಜಾಲಿಕುಂಟೆಯ ತಾಯಂದಿರು ಶಾಲೆಯ ಗೇಟಿಗೆ ಮುತ್ತಿಗೆ ಹಾಕಿದ್ದರು. ಎಲ್ಲರ ಮುಂದೆ ನರಸಕ್ಕ.

"ತಮ್ಮಾ! ನಿನಗೂ ಬಂತಾ ಫೋನು? ನೋಡ್ದಾ, ಸರಕಾರದೋರೇ ಫೋನ್ ಮಾಡಿ ಹೇಳವ್ರೆ. ನಮ್ಮ ಕಾಲದಾಗೆ ಇಂಗೆಲ್ಲಾ ಎಲ್ಲಿತ್ತು!"

"ಅಕ್ಕಾ, ಅದು ಏನಂದ್ರೆ..."

"ಏನೂ ಇಲ್ಲ, ಹೋಗು. ಹಿಂದೂಪುರದಾಗೆ ಒಳ್ಳೇ ಸೀರೆ ತಗಂಡು ಬಾ. ಪಕ್ಕದ ಮನೆ ಮುನೆಮ್ಮನ ತಮ್ಮ ಪಟ್ಟೆ ಸೀರೆ ತತ್ತಾನಂತೆ. ನನ್ನ ಮಾನ ಕಳೀಬ್ಯಾಡ."

ತ್ರಿವೇಣಿ ಅಳುಮುಖದಲ್ಲಿ ಓಡಿ ಬಂದಳು. "ಅಮ್ಮಾ, ನಂಗೇನೂ ಆಗಿಲ್ಲಮ್ಮಾ! ಯಾರಿಗೂ ಏನೂ ಆಗಿಲ್ಲ!"

"ಸುಮ್ಕಿರೇ. ಫೋನಿನೋರಿಗೆ ಗೊತ್ತಾಗಿರೋದು ನಿಂಗೆ ಗೊತ್ತಾಯ್ತದಾ?"

"ಮಾಮಾ, ನೀನಾದ್ರೂ ಹೇಳು. ನೀನು ಬಯಾಲಜಿ ಸಾರ್ ತಾನೆ?"

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. 'ನಾನೇ ಒತ್ತಿದೆ' ಎನ್ನಬೇಕಿತ್ತು. ಆದರೆ ಹಾಗೆಂದರೆ ಚುಕ್ಕೆ ಮತ್ತೆ ಕೆಂಪಾಗುತ್ತದೆ, ನೀಲಿ ಟೈಲ್ಸು ಕೈಬಿಟ್ಟು ಹೋಗುತ್ತದೆ. ಗಂಗರಾಜು ನೆಲ ನೋಡುತ್ತ, "ಅಮ್ಮ ಹೇಳ್ದಂಗೆ ಕೇಳಮ್ಮಾ" ಎಂದ. ಥೂ ಅವನ! ಹುಡುಗಿಯ ತಲೆಯ ಮೇಲೆ ಸೆರಗು ಬಿತ್ತು. ಮಾರನೇ ದಿನ ಅವಳದು ಕಬಡ್ಡಿ ಪಂದ್ಯವಿತ್ತು, ಅದೂ ಹೋಯಿತು. ಅರ್ಧ ತರಗತಿ ಖಾಲಿಯಾಗಿ, ಹುಡುಗರು ಮಾತ್ರ ಬಾಯಿ ಬಿಟ್ಟುಕೊಂಡು ಕೂತಿದ್ದರು.

ಹಿಂದೂಪುರದ ಸೀರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಗಂಡಸರೇ. ರೊದ್ದಂನಿಂದ ಬಂದವರು, ಸೋಮಂದೇಪಲ್ಲಿಯಿಂದ ಬಂದವರು, ಲೇಪಾಕ್ಷಿಯ ಬಸ್ಸಿನಿಂದ ಈಗಷ್ಟೇ ಇಳಿದವರು. ಗದ್ದೆಯಲ್ಲಿ ನೀರು ಕಟ್ಟುತ್ತಿದ್ದವನೊಬ್ಬ ಕೆಸರುಗಾಲಲ್ಲೇ ಬಂದಿದ್ದ.

"ಯಾವ ಊರಿಗೆ ಅಣ್ಣಾ?" ಎಂದು ಸೋಮಂದೇಪಲ್ಲಿಯವನು ಅವನನ್ನು ಕೇಳಿದ.

"ಜಾಲಿಕುಂಟೆಗೆ. ಅಕ್ಕನ ಮಗಳು ಪೆದ್ದಮನಿಷಿ ಅಯಿಂದಂಟ. ದೊಡ್ಡೋಳಾದ್ಲಂತೆ."

"ಅರೆರೆ, ನಂದೂ ಜಾಲಿಕುಂಟೇನೇ!"

"ನಂದೂ!" "ನಂದೂ ಕಣಪ್ಪಾ!"

ಮಾವಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಿಗೆ ಊರೇ ಒಂದೇ ದಿನ ದೊಡ್ಡದಾಗುವುದೆಂದರೇನು? ಒಬ್ಬ ಬೋರ್‌ವೆಲ್ಲಿನ ನೀರು ಎಂದ. ಇನ್ನೊಬ್ಬ ಮಧ್ಯಾಹ್ನದ ಊಟದ ಮೊಟ್ಟೆ ಎಂದ. ಮತ್ತೊಬ್ಬ ಈಗೀಗಿನ ಗೊಬ್ಬರವೇ ಹಾಗೆ ಎಂದು ಗೊಬ್ಬರದ ಮೇಲೆ ಹಾಕಿದ. ಅಷ್ಟರಲ್ಲಿ ಯಾರೋ ಮೂಲೆಯಲ್ಲಿ ಸೀರೆಯ ಮರೆಯಲ್ಲಿ ಮುಖ ಮುಚ್ಚಿಕೊಂಡಿದ್ದ ಗಂಗರಾಜುವನ್ನು ಗುರುತು ಹಿಡಿದರು.

"ಓ, ಮೇಷ್ಟ್ರು ಇಲ್ಲೇ ಅವ್ರೆ! ನೀವು ಓದಿದೋರು, ಬಯಾಲಜಿ ಬೇರೆ. ನೀವೇ ಹೇಳಿ ಸಾರ್, ಯಾಕಿಂಗಾಯ್ತು?"

ಗಂಗರಾಜು ಸೀರೆ ಮಡಚುತ್ತ, "ಹವಾಮಾನ ಇರಬೌದು" ಎಂದ.

ಮಾವಂದಿರು ತಲೆದೂಗಿದರು. ಓದಿದವರ ಮಾತೇ ಬೇರೆ ನೋಡಿ. ಅಂಗಡಿಯವನು ಮಾತ್ರ ಹವಾಮಾನ ನೋಡಿಕೊಂಡು ಪ್ರತಿ ಸೀರೆಯ ಮೇಲೂ ಬೆಲೆ ಏರಿಸಿದ. "ಕೊಂಡ ಮೇಲೆ ವಾಪಸ್ ತಗೊಳ್ಳಲ್ಲ" ಎಂದು ಗೋಡೆಯ ಮೇಲಿನ ಬೋರ್ಡನ್ನೂ ತೋರಿಸಿದ.

ಸಂಜೆಯ ಹೊತ್ತಿಗೆ ಜಾಲಿಕುಂಟೆಯ ಬೀದಿಯನ್ನು ನೋಡಬೇಕಿತ್ತು. ಸುತ್ತಲಿನ ತೆಂಗಿನ ಮರಗಳೆಲ್ಲ ಬೋಳಾಗಿದ್ದವು. ಗರಿ ಸಿಗದವರು ಬೇವಿನ ಸೊಪ್ಪು, ಹೊಂಗೆ ಸೊಪ್ಪು ತಂದರು. ಮನೆಗೊಂದರಂತೆ ಹಸಿರು ಗುಡಿಸಲು, ಗುಡಿಸಲಿಗೊಬ್ಬಳು ಸಿಟ್ಟಾದ ಹುಡುಗಿ. ಒರಳುಗಳಲ್ಲೆಲ್ಲ ಎಳ್ಳು ಬೆಲ್ಲ ಕುಟ್ಟುವ ಸದ್ದು. ಗಂಗರಾಜು ಪಂಚೆ ಎತ್ತಿ ಕಟ್ಟಿ ತಾನೇ ಗೂಟ ನೆಟ್ಟು ಗರಿ ಹೆಣೆದ. ಏನೂ ಆಗಿಲ್ಲವೆಂದು ಆ ಊರಿನ ದೊಡ್ಡವರಲ್ಲಿ ಗೊತ್ತಿದ್ದವನು ಅವನೊಬ್ಬನೇ, ಎಲ್ಲರಿಗಿಂತ ಅಚ್ಚುಕಟ್ಟಾಗಿ ಗುಡಿಸಲು ಹಾಕಿದವನೂ ಅವನೇ.

"ಮಾಮಾ," ಒಳಗಿನಿಂದ ತ್ರಿವೇಣಿ ಹಲ್ಲು ಕಡಿದಳು, "ನಿನಗೆ ಸ್ವಲ್ಪಾನೂ ನಾಚ್ಕೆ ಆಗಲ್ವಾ?"

"ಉಂಡೆ ತಿನ್ನಮ್ಮಾ, ಮೈಗೆ ಒಳ್ಳೇದು" ಎಂದ ಮಾಮ.

ಸರ್ವಮಂಗಳಮ್ಮ ಖಾಲಿ ತರಗತಿ ನೋಡಿ ರೇಗಿ, ಬೀದಿಗೇ ಬಂದು ಗುಡಿಸಲುಗಳ ಸಾಲಿನ ಫೋಟೊ ತೆಗೆದು ಮಂಡಲದ ವಾಟ್ಸಾಪ್ ಗ್ರೂಪಿಗೆ ಹಾಕಿದರು. 'ನೋಡಿ ನಿಮ್ಮ ಆ್ಯಪಿನ ಪ್ರತಾಪ' ಎಂದು ಅಡಿಯಲ್ಲಿ ಬರೆದರು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗದ್ದಲ. ಕಡಲೆಕಾಯಿ ಮಂಡಿಯ ಶಿವಯೋಗಪ್ಪನವರು ತಮ್ಮ ಮೊಮ್ಮಗ ಶರಣಬಸವನನ್ನು ಒಂದು ಕೈಯಲ್ಲಿ, ಹುಡುಗನ ಸೋದರಮಾವನನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ದಾಪುಗಾಲು ಹಾಕುತ್ತ ಬರುತ್ತಿದ್ದರು. ಆ ಮಾವ ಕಲ್ಯಾಣದುರ್ಗದವನು, ಬಸ್ಸಿಳಿದು ನೇರ ಬಂದಿದ್ದ. ಅವನ ಕಂಕುಳಲ್ಲಿ ಒಂದು ಸೀರೆಯ ಪೊಟ್ಟಣ. 'ಎಲ್ಲವೂ' ಎಂದು ಒತ್ತಿದ್ದನಲ್ಲ ಮೇಷ್ಟ್ರು? ಹುಡುಗಿಯರದು ಮುಗಿದ ಮೇಲೆ ಯಂತ್ರ ಸಾವಧಾನವಾಗಿ ಹುಡುಗರ ಮನೆಗಳಿಗೂ ಫೋನು ಹಚ್ಚಿತ್ತು.

"ಯಾರ್ರೀ ಅದು," ಶಿವಯೋಗಪ್ಪ ಗುಡುಗಿದರು, "ನನ್ನ ಮೊಮ್ಮಗ ಮೈನೆರೆದವ್ನೆ ಅಂತ ಫೋನ್ ಮಾಡಿಸಿದ್ದು? ಈ ಮಹಾನುಭಾವ ಸೀರೆ ತಗಂಡು ಬಂದ್ಬುಟ್ಟವ್ನೆ!"

ಕಲ್ಯಾಣದುರ್ಗದ ಮಾವ ನಾಚಿ ನೀರಾಗಿದ್ದ. "ಫೋನ್ ಬಂತು. ಮಗು ಮೈನೆರೆದೈತೆ ಅಂದ್ರು. ಲೇಟಾದ್ರೆ ಅಕ್ಕ ಬೈತಾಳೆ ಅಂತ ಓಡಿ ಬಂದೆ."

"ನಿಮ್ಮಕ್ಕನಿಗೆ ಇರೋದು ಒಬ್ಬನೇ ಮಗ ಅಂತ ನಿಂಗೆ ಗೊತ್ತಿಲ್ವೇನಯ್ಯಾ?"

"ಗೊತ್ತು ಮಾವಾ. ಆದ್ರೂ ಕಂಪ್ಯೂಟರಿನೋರೇ ಹೇಳಿದ್ಮೇಲೆ, ಅವ್ರಿಗೆ ಗೊತ್ತಿಲ್ದೆ ಇರ್ತದಾ ಅಂದ್ಕಂಡೆ."

ಬೀದಿಯಲ್ಲಿ ಒರಳುಗಳ ಸದ್ದು ನಿಂತಿತು. ಆರತಿ ತಟ್ಟೆ ಹಿಡಿದವರು ಹಿಡಿದಂತೆ ನಿಂತರು. ಶರಣಬಸವ ಅಳಲು ಶುರು ಮಾಡಿದ. ಆಗ ತ್ರಿವೇಣಿ ಗರಿಯನ್ನು ಒದ್ದು ಸರಿಸಿ ಗುಡಿಸಲಿನಿಂದ ಹೊರಗೆ ಬಂದು ನಿಂತಳು.

"ಮಧ್ಯಾಹ್ನದಿಂದ ಬಡ್ಕೋತಾ ಇದೀನಿ, ಯಾರಾದ್ರೂ ಕೇಳಿದ್ರಾ? ಯಂತ್ರ ಹೇಳಿದ್ದು ನಂಬ್ತೀರ, ಮಗಳು ಹೇಳಿದ್ದು ನಂಬಲ್ಲ. ಆ ಮೊಗ್ಗು ಇರೋದು ಮಾಮನ ಫೋನಲ್ಲಿ. ಒತ್ತೋಕೆ ಬರೋದು ಮಾಮನಿಗೆ ಮಾತ್ರ. ಅವನನ್ನೇ ಕೇಳಿ!"

ಬೀದಿ ಪೂರ್ತಿ ಗಂಗರಾಜುವಿನ ಕಡೆ ತಿರುಗಿತು. ಮೊದಲು ನರಸಕ್ಕ, ಆಮೇಲೆ ಮುನೆಮ್ಮ, ಆಮೇಲೆ ಬೆಲೆ ಏರಿಸಿದ ಸೀರೆ ಕೊಂಡಿದ್ದ ಅಷ್ಟೂ ಸೋದರಮಾವಂದಿರು.

"ಹವಾಮಾನ ಅಂದ್ಯಲ್ಲಯ್ಯಾ!" ಎಂದು ಸೋಮಂದೇಪಲ್ಲಿಯವನು ಗೂಟ ಕಿತ್ತ.

ಗಂಗರಾಜು ಸ್ಕೂಟಿ ಹತ್ತಿದ್ದು ಅವನಿಗೇ ನೆನಪಿಲ್ಲ. ಹಿಂದಿನಿಂದ, "ನಾಳೆಯಿಂದ ಈ ಊರಿಗೆ ಹೆಂಗೆ ಕಾಲಿಕ್ತೀಯೋ ನೋಡ್ತೀವಿ ಕಣ್ಲಾ!" ಎಂಬ ಕೂಗು, ಅದರ ಹಿಂದೆ ಟೆಂಪೊ ಸ್ಟಾರ್ಟಾದ ಸದ್ದು. ಪಂಚೆ ಎತ್ತಿ ಕಟ್ಟಿದ ವೇಷದಲ್ಲೇ ಅವನು ಹಿಂದೂಪುರಕ್ಕೆ ಬಂದು ಆಂಜಿನಪ್ಪನವರ ಮನೆಯ ಮುಂದೆ ಸ್ಕೂಟಿ ಬೀಳಿಸಿದ.

ಸಾಹೇಬರು ವರಾಂಡದಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. "ರಾ ಗಂಗರಾಜೂ, ಬಾ ಬಾ! ನೂರು ವರ್ಷ ಆಯಸ್ಸು ನಿಂಗೆ, ಈಗ ನಿನ್ನ ಮಾತೇ ಬಂದಿತ್ತು."

ಗಂಗರಾಜು ಅವರ ಕಾಲ ಬಳಿ ಕುಸಿದ. "ಸಾರ್, ತಪ್ಪಾಯ್ತು. ನಾನು ಪಾಠಾನೇ ಮಾಡ್ಲಿಲ್ಲ. ಎಲ್ಲಾ ಮಕ್ಕಳ ಹೆಸರಿಗೂ ನಾನೇ ಒತ್ಬುಟ್ಟೆ. ಎಲ್ಲಾ ಸುಳ್ಳು ಸಾರ್!"

ಆಂಜಿನಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಒತ್ತದೆ ಇರೋ ಮೇಷ್ಟ್ರು ಯಾವನವ್ನೆ ಹೇಳು? ಮಂಡಲ ಪೂರ್ತಿ ಒತ್ತವ್ರೆ. ಇಲ್ಲಾಂದ್ರೆ ಅಷ್ಟೊಂದು ಹಸಿರು ಎಲ್ಲಿಂದ ಬರ್ತಿತ್ತಯ್ಯಾ?"

"ಮತ್ತೆ ಬೇರೆ ಊರಾಗೆಲ್ಲಾ ಗಲಾಟೆ ಯಾಕಾಗ್ಲಿಲ್ಲ ಸಾರ್?"

"ಅವ್ರೆಲ್ಲಾ ತಾಯಿ, ಹಿರಿಯರ ನಂಬರ್ ಇರೋ ಕಡೆ ತಮ್ಮ ನಂಬರೇ ಹಾಕ್ಕೊಂಡವ್ರೆ. ಮನೆಯೋರ ನಂಬರ್ ಸರಿಯಾಗಿ ಹಾಕಿದೋನು ನೀನೊಬ್ಬನೇ ಕಣಯ್ಯಾ."

ಸಾಹೇಬರು ಮುಂದುವರಿಸಿದರು. "ಅದೇ ಒಳ್ಳೇದಾಯ್ತು ನೋಡು. ಆ ಆ್ಯಪಿನ ಸಂಸ್ಥೆಯ ರಶ್ಮಿ ಮೇಡಂ ಈಗ ತಾನೆ ಫೋನ್ ಮಾಡಿದ್ರು. ನಿಮ್ಮ ಹೆಡ್ ಮೇಡಂ ಹಾಕಿದ ಫೋಟೊ ನೋಡಿ ಅವ್ರ ಕಣ್ಣಲ್ಲಿ ನೀರು ಬಂತಂತೆ. ಒಂದು ಊರಿಗೆ ಊರೇ ಹರೆಯವನ್ನ ಹಬ್ಬ ಮಾಡಿದ್ದು ಎಲ್ಲೂ ನೋಡಿಲ್ಲ ಅಂದ್ರು."

"ಸಾರ್, ಆ ಊರೋರು ನನ್ನ ಸಾಯಿಸ್ತಾರೆ. ದಮ್ಮಯ್ಯ, ನನ್ನ ಕಲ್ಯಾಣದುರ್ಗಕ್ಕೆ ಹಾಕ್ಬುಡಿ. ಈಗ್ಲೇ ಹೋಯ್ತೀನಿ, ಮನೇಗೂ ಹೋಗಲ್ಲ."

"ಪಿಚ್ಚಾ ನೀಕು? ತಲೆ ಕೆಟ್ಟೈತಾ? ಜಾಲಿಕುಂಟೆ ಇನ್ಮೇಲೆ ಮಾದರಿ ಶಾಲೆ. ಪ್ರಾಜೆಕ್ಟು ಮುಗಿಯೋ ತನಕ ನಿನ್ನ ಅಲ್ಲಿಂದ ಅಲ್ಲಾಡಿಸೋ ಹಂಗಿಲ್ಲ ಅಂತ ಮೇಡಂ ಮೇಲಿನೋರ ಹತ್ರ ಒಪ್ಪಿಸ್ಕೊಂಡವ್ರೆ."

"ಪ್ರಾಜೆಕ್ಟು ಯಾವಾಗ ಮುಗೀತದೆ ಸಾರ್?"

"ಅಷ್ಟೊತ್ತಿಗೆ ನೀನು ರಿಟೈರ್ ಆಗಿರ್ತೀಯ ಬಿಡು. ಮೊದ್ಲು ಇದು ಕೇಳು. ನಾಳೆ ವಿಡಿಯೊ ತೆಗೆಯೋಕೆ ಬತ್ತಾರೆ. ಗುಡ್ಲು, ಸೀರೆ, ಮಾವಂದಿರು ಎಲ್ಲಾ ಹಂಗಂಗೇ ಇರ್ಬೇಕು. ಗಂಡುಹುಡುಗನಿಗೂ ಒಬ್ಬ ಸೀರೆ ತಂದನಂತಲ್ಲ, ಈಗ ಗ್ರೂಪಿನಾಗೆ ಬಂತು. ಅವನು ಮುಂದಿನ ಸಾಲಿನಲ್ಲೇ ಇರ್ಬೇಕು. ಗಂಡು ಹೆಣ್ಣು ಭೇದ ಇಲ್ಲ ಅಂತ ಮೇಡಂ ಕುಣಿದಾಡ್ತವ್ರೆ. ಆ ಮಾವಂದಿರನ್ನೆಲ್ಲಾ ಒಬ್ಬನೂ ತಪ್ಪದಂಗೆ ಒಟ್ಟು ಮಾಡೋ ಜವಾಬ್ದಾರಿ ನಿಂದು."

ಹೊರಗೆ ಒಂದು ಟೆಂಪೊ ಬಂದು ನಿಂತಿತು. ಹಿಂಬದಿಯ ಬಾಗಿಲು ದಡಾರೆಂದು ಬಿದ್ದ ಸದ್ದಾಯಿತು. ಗಂಗರಾಜು ಗೋಡೆಗೆ ಅಂಟಿಕೊಂಡ. ಆಂಜಿನಪ್ಪನವರು ಲೋಟ ಕೆಳಗಿಟ್ಟು ವರಾಂಡದಿಂದಲೇ ಇಣುಕಿದರು. ಅವರ ಮುಖ ಅರಳಿತು.

"ನೋಡ್ದಾ, ನಿನ್ನ ಕೆಲ್ಸ ಎಷ್ಟು ಸುಲಭ ಆಯ್ತು! ಎಲ್ಲಾ ಒಟ್ಟಿಗೇ ಬಂದವ್ರೆ. ಹೋಗಯ್ಯಾ, ಗೇಟ್ ತೆಗೆದು ಒಳಗೆ ಕರಿ."